ಕುಮ್ಮಟದ ಹಾಡಿಗೆ ಮೂಲ ಸಿಕ್ತು, ಹಾಡಿದವರಿಗೆ ಸರ್ಟಿಫಿಕೇಟ್ ಸಿಗಲಿಲ್ಲ



ಪೋಸ್ಟ್ ಸ್ವಲ್ಪ ಉದ್ದ ಐತಿ. ಟೈಮಿಲ್ಲ ಅನ್ನೋರು ಕೊನೇ ಭಾಗ ಆದ್ರೂ ಓದ್ರಿ.

ಹೋದ ವಾರ ನಮ್ಮ ವಾಟ್ಸಾಪ್ ಗ್ರೂಪಿಗೆ ಒಬ್ಬ ಹುಡುಗ ಒಂದು ರೀಲ್ಸ್ ಹಾಕಿದ್ದ. ಹಿಂದೆ ಕುಮ್ಮಟದ ಗುಡ್ಡ, ಡ್ರೋನ್ ಶಾಟ್, ಅದರ ಮೇಲೆ ಕುಮಾರರಾಮನ ಕಥೆ ಹಾಡೋ ಒಬ್ಬ ಅಜ್ಜಿಯ ದನಿ. ದನಿ ಕೇಳಿದ್ರೆ ಮೈ ಜುಮ್ ಅಂತದೆ. ಕೆಳಗೆ ರೀಲ್ಸ್ ಮಾಡಿದವನ ಹೆಸರು, ಡ್ರೋನ್ ಹಾರಿಸಿದವನ ಹೆಸರು, ಎಡಿಟಿಂಗ್ ಮಾಡಿದವನ ಹೆಸರು ಎಲ್ಲಾ ಇತ್ತು. ಅಜ್ಜಿಯ ಹೆಸರಿರಲಿಲ್ಲ. "ಜಾನಪದ" ಅಂತ ಬರೆದಿದ್ರು.

ಗ್ರೂಪಿನಲ್ಲಿ ಒಬ್ಬರು ಕೇಳಿದ್ರು, "ಈ ಹಾಡು ಬರೆದವರು ಯಾರು?" ಶುರುವಾಯ್ತು ನೋಡ್ರಿ. ಒಬ್ಬರು ಶಿವರಾಜ್‌ಕುಮಾರ್ ಸಿನಿಮಾ ಅಂದ್ರು ('ಗಂಡುಗಲಿ ಕುಮಾರರಾಮ'). ಇನ್ನೊಬ್ಬರು, ಅವರು ಮೇಷ್ಟ್ರು, ನಂಜುಂಡ ಕವಿ ಅಂದ್ರು. ಮತ್ತೊಬ್ಬರು ಇದು ತೆಲುಗಿನಿಂದ ಬಂದದ್ದು ಅಂದ್ರು. ಕೊನೆಗೆ ಒಬ್ಬರು "ಜಾನಪದಕ್ಕೆ ಕರ್ತೃ ಇರಲ್ಲ ಬಿಡ್ರಿ" ಅಂದು ಬಾಗಿಲು ಹಾಕಿದ್ರು.

ನಾನು ಆವತ್ತು ಏನೂ ಬರೀಲಿಲ್ಲ. ಆದ್ರೆ ಆ ಕೊನೇ ಮಾತು ಮುಳ್ಳಿನಂಗೆ ಚುಚ್ಚಿಕೊಂಡು ಕೂತಿತು. ಕರ್ತೃ ಇರಲ್ಲ ಅನ್ನೋದಕ್ಕೂ, ಕರ್ತೃವಿನ ಹೆಸರು ಯಾರೂ ಕೇಳಲಿಲ್ಲ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ? ಅದಕ್ಕೇ ಈ ಪೋಸ್ಟ್. ನಾನು ಸಂಶೋಧಕ ಅಲ್ಲ. ಬಿಎ ಓದಿ ಗುಮಾಸ್ತಿಕೆ ಮಾಡೋ ಮನುಷ್ಯ. ಫೈಲು ಎಲ್ಲಿಂದ ಹುಟ್ಟಿತು, ಯಾರ ಟೇಬಲ್ಲಿಗೆ ಹೋಯ್ತು, ಎಲ್ಲಿ ನಿಂತಿತು ಅಂತ ಹಿಂಬಾಲಿಸೋದು ನನ್ನ ಕೆಲಸ. ಈ ಹಾಡನ್ನೂ ಹಂಗೇ ಹಿಂಬಾಲಿಸಿದೆ.

ಮೊದಲು ಊರು. ಕುಮ್ಮಟದುರ್ಗ ಇರೋದು ಹೊಳೆ ಆಚೆ, ಗಂಗಾವತಿ ತಾಲೂಕಿನ ಗುಡ್ಡಗಳಲ್ಲಿ. ನಮ್ಮ ಕುರುಗೋಡಿನಿಂದ ಕಂಪ್ಲಿಗೆ ಹೋಗಿ, ಕಂಪ್ಲಿ ಸೇತುವೆ ದಾಟಿ ಗಂಗಾವತಿ ಕಡೆ ಹೋಗಬೇಕು. ಟಿಬಿ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಮುಳುಗ್ತದಲ್ಲ, ಅದೇ ಸೇತುವೆ. ಹಂಪಿ ನೋಡೋಕೆ ಜಗತ್ತೇ ಬರ್ತದೆ, 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರು. ಹಂಪಿಗಿಂತ ಮೊದಲು ಈ ಭಾಗವನ್ನ ಆಳಿದ ಊರು ಕುಮ್ಮಟ. ಅಲ್ಲಿಗೆ ಹೋಗೋರು ಬೆರಳೆಣಿಕೆ. ಬಿದ್ದ ಗೋಡೆ, ಕಲ್ಲು, ಮುಳ್ಳುಕಂಟಿ. ಊರು ಹೋಗಿದೆ, ಹಾಡು ಉಳಿದಿದೆ.

ಚರಿತ್ರೆ ಏನು ಹೇಳ್ತದೆ? ಮುಮ್ಮಡಿ ಸಿಂಗೆಯ ನಾಯಕ, ಅವನ ಮಗ ಕಂಪಿಲರಾಯ, ಅವನ ಮಗ ಕುಮಾರರಾಮ. ದಿಲ್ಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್. ಅವನ ದಾಯಾದಿ ಬಹಾವುದ್ದೀನ್ ಗುರ್ಶಾಸ್ಪ್ ಸಗರದಲ್ಲಿ ಅಧಿಕಾರಿಯಾಗಿದ್ದವನು ದಂಗೆ ಎದ್ದು, ಸೋತು, ಓಡಿಬಂದು ಕಂಪಿಲರಾಯನ ಹತ್ತಿರ ಆಶ್ರಯ ಕೇಳಿದ. ಕಂಪಿಲರಾಯ ಕೊಟ್ಟ. ದಿಲ್ಲಿ ದಂಡು ಬಂತು. 1327ರ ಹೊತ್ತಿಗೆ ರಾಜ್ಯ ಮುಗಿಯಿತು. ಸಾಯೋಕೆ ಮುಂಚೆ ರಾಯ ಆಶ್ರಿತನನ್ನ ದ್ವಾರಸಮುದ್ರಕ್ಕೆ ದಾಟಿಸಿದ, ಅಲ್ಲಿನ ಬಲ್ಲಾಳ ಅವನನ್ನ ದಿಲ್ಲಿಗೆ ಒಪ್ಪಿಸಿದ. ಕೆಲವು ವರ್ಷ ಆದಮೇಲೆ ದಿಲ್ಲಿಗೆ ಬಂದ ಇಬ್ನ್ ಬತೂತ ಇದನ್ನ ಬರೆದಿಟ್ಟಿದ್ದಾನೆ. ರಾಣಿವಾಸದ ಹೆಣ್ಣುಮಕ್ಕಳು ಬೆಂಕಿಗೆ ಬಿದ್ದದ್ದು, ರಾಯ ಹೊರಬಂದು ಕಾದಾಡಿ ಸತ್ತದ್ದು, ಅವನ ಮಕ್ಕಳನ್ನ ಹಿಡಿದು ದಿಲ್ಲಿಗೆ ಒಯ್ದದ್ದು, ಎಲ್ಲಾ.

ಇಲ್ಲಿ ಒಂದು ವಿಷಯ ಗಮನಿಸ್ರಿ. ಗೆದ್ದ ರಾಜ ಶಾಸನ ಬರೆಸ್ತಾನೆ. ಕವಿಗೆ ಅಗ್ರಹಾರ ಕೊಡ್ತಾನೆ, ಕವಿ ಕಾವ್ಯ ಬರೀತಾನೆ. ಕುಮ್ಮಟದ ವಿಷಯದಲ್ಲಿ ಕೊಡೋಕೆ ರಾಜನೇ ಉಳಿದಿರಲಿಲ್ಲ. ಆಸ್ಥಾನ ಇಲ್ಲ, ಅಗ್ರಹಾರ ಇಲ್ಲ, ಬಹುಮಾನ ಇಲ್ಲ. ಹಂಗಾದ್ರೆ ಸುಟ್ಟ ಊರಿನ ಕಥೆ ಯಾರು ಹೊತ್ತುಕೊಂಡು ತಿರುಗಿದ್ರು? ಯಾರಿಗೆ ಅದರಿಂದ ಲಾಭ ಇತ್ತು?

ನಮ್ಮ ಮೇಷ್ಟ್ರು ಹೇಳಿದ ನಂಜುಂಡ ಕವಿ ತನ್ನ ಕುಮಾರರಾಮನ ಸಾಂಗತ್ಯ ಬರೆದದ್ದು 16ನೇ ಶತಮಾನದಲ್ಲಿ. ಅಂದ್ರೆ ಊರು ಸುಟ್ಟು ಎರಡು ನೂರು ವರ್ಷ ಆದಮೇಲೆ. ಪಾಂಚಾಳ ಗಂಗ ಅನ್ನೋ ಕವಿಯದೂ ಒಂದಿದೆ, ಮಹಾಲಿಂಗಸ್ವಾಮಿ ಅನ್ನೋರದೂ ಒಂದಿದೆ. ಸಾಂಗತ್ಯ ಅಂದ್ರೆ ಹಾಡೋದಕ್ಕೇ ಇರೋ ಛಂದಸ್ಸು. ಅದೇ ಶತಮಾನದಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ನುನಿಜ್ ಕೂಡ, ಆನೆಗೊಂದಿ ರಾಜನ ಮೇಲೆ ದಿಲ್ಲಿ ದಂಡು ಬಂದು ಎಲ್ಲರೂ ಸತ್ತ ಕಥೆಯಿಂದಲೇ ತನ್ನ ಬರಹ ಶುರು ಮಾಡ್ತಾನೆ. ಇವರೆಲ್ಲಾ ಎಲ್ಲಿಂದ ಕೇಳಿದ್ರು? ಎರಡು ನೂರು ವರ್ಷ ಈ ಕಥೆ ಜನರ ನಾಲಿಗೆ ಮೇಲೆ ಇತ್ತು, ಅದಕ್ಕೇ ಕವಿಗಳ ಕೈಗೆ ಸಿಕ್ಕಿತು. ನಾವು ಕವಿಯನ್ನ ಮೂಲ ಅಂತೀವಿ. ನನ್ನ ಲೆಕ್ಕದಲ್ಲಿ ಕವಿ ಮಧ್ಯದಲ್ಲಿ ಬಂದವನು. ಫೈಲಿಗೆ ನಡುವೆ ಒಂದು ಸಹಿ ಬಿದ್ದಂಗೆ.

ಕಥೆ ಗೊತ್ತಿಲ್ಲದ ಹುಡುಗರಿಗೆ ಎರಡು ಮಾತು. ರಾಯನ ಕಿರಿಯ ಹೆಂಡತಿ ರತ್ನಾಜಿ. ಚೆಂಡಾಟದಲ್ಲಿ ಕುಮಾರರಾಮನ ಚೆಂಡು ಅವಳ ಅರಮನೆಯೊಳಗೆ ಬೀಳ್ತದೆ. ತರೋಕೆ ಹೋದ ಮಲಮಗನ ಮೇಲೆ ಅವಳು ಆಸೆಪಡ್ತಾಳೆ. ಅವನು ತಾಯಿ ಅಂತ ಕೈ ಮುಗೀತಾನೆ. ಅವಳು ಗಂಡನಿಗೆ ಚಾಡಿ ಹೇಳ್ತಾಳೆ, ರಾಯ ಮಗನ ತಲೆ ತನ್ನಿ ಅಂತಾನೆ. ಮಂತ್ರಿ ಬೈಚಪ್ಪ ಹುಡುಗನನ್ನ ನೆಲಮಾಳಿಗೆಯಲ್ಲಿ ಅಡಗಿಸಿ ಬೇರೆ ತಲೆ ತೋರಿಸ್ತಾನೆ. ಆಮೇಲೆ ದಿಲ್ಲಿ ದಂಡು ಬಂದಾಗ ಸತ್ತ ಮಗನೇ ಎದ್ದುಬಂದು ಊರು ಉಳಿಸ್ತಾನೆ. ಕೊನೇ ಯುದ್ಧದಲ್ಲಿ ಮಾತ್ರ ಉಳಿಯಲ್ಲ.

ಚರಿತ್ರೆಯಲ್ಲಿ ದಿಲ್ಲಿ ದಂಡು ಬಂದದ್ದು ಆಶ್ರಯ ಕೊಟ್ಟ ಕಾರಣಕ್ಕೆ. ಕಥೆಯಲ್ಲಿ ಸುರತಾಳನ ಮಗಳು ಕುಮಾರರಾಮನ ಸುದ್ದಿ ಕೇಳಿಯೇ ಮನಸೋತಳು, ಅದಕ್ಕೆ ಜಗಳ. ಯಾವುದು ನಿಜ ಅಂತ ನಾನು ತಕರಾರು ತೆಗೆಯಲ್ಲ. ಕಥೆಗೆ ಅದರದೇ ನ್ಯಾಯ ಇರ್ತದೆ.

ಈಗ ಕುಮಾರರಾಮ ಯಾರವನು? ಬೇಡರು ನಮ್ಮವನು ಅಂತಾರೆ. ಕುರುಬರು ನಮ್ಮವನು ಅಂತಾರೆ. ಪುಸ್ತಕ ಬಂದಿವೆ, ಭಾಷಣ ಆಗಿವೆ, ಫೇಸ್‌ಬುಕ್ಕಲ್ಲಿ ಬೈದಾಟವೂ ಆಗಿದೆ. ಇರಲಿ, ಶೂದ್ರ ಜಾತಿಗಳು ತಮ್ಮ ವೀರನನ್ನ ಹುಡುಕೋದು ತಪ್ಪಲ್ಲ. ನನ್ನ ಪ್ರಶ್ನೆ ಬೇರೆ. ವೀರ ನಮ್ಮವನು ಅನ್ನೋಕೆ ಇಷ್ಟು ಮಂದಿ ಇದ್ದೀರಿ. ಹಾಡಿದವರು ನಮ್ಮವರು ಅನ್ನೋಕೆ ಒಬ್ಬರಾದ್ರೂ ಬಂದ್ರಾ?

ಹಾಡಿದವರು ಯಾರು ಅಂತ ಹೇಳ್ತೀನಿ.

ಸಂಡೂರು ತಾಲೂಕಿನ ದರೋಜಿ. ಹೊಸಪೇಟೆ ಕಡೆ ರೈಲಲ್ಲಿ ಹೋಗೋರಿಗೆ ಗೊತ್ತು. ಟೂರಿಸ್ಟುಗಳಿಗೆ ದರೋಜಿ ಅಂದ್ರೆ ಕರಡಿಧಾಮ. ನಮಗೆ ದರೋಜಿ ಅಂದ್ರೆ ಈರಮ್ಮ, ಬುರ್ರಕಥಾ ಈರಮ್ಮ. ಬುಡಗ ಜಂಗಮ ಸಮುದಾಯದ ಹೆಣ್ಣುಮಗಳು, ಅಲೆಮಾರಿ, ಪರಿಶಿಷ್ಟ ಜಾತಿ. ಅಕ್ಷರ ಕಲಿತವಳಲ್ಲ. ಮನೆಮಾತು ತೆಲುಗು, ಹಾಡಿದ್ದು ಕನ್ನಡದಲ್ಲೂ ತೆಲುಗಲ್ಲೂ. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ, ಹಿಂಗೆ ಹನ್ನೆರಡು ಮಹಾಕಾವ್ಯ ಆಕೆಯ ಬಾಯಲ್ಲಿದ್ವು. ಬರೆದಿಟ್ಟರೆ ಸಾವಿರಾರು ಪುಟ. ಹಂಪಿ ಕನ್ನಡ ವಿಶ್ವವಿದ್ಯಾಲಯ ಆಕೆಯ ಕಾವ್ಯ ಅಚ್ಚು ಮಾಡಿತು, ನಾಡೋಜ ಕೊಟ್ಟಿತು. ಸರ್ಕಾರ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. 2014ರ ಆಗಸ್ಟ್ 12ಕ್ಕೆ ತೀರಿಕೊಂಡಳು.

ಓದು ಬರಹ ಬಾರದ ಹೆಣ್ಣುಮಗಳ ತಲೆಯೊಳಗೆ ಅಷ್ಟೆಲ್ಲಾ ಹೆಂಗೆ ಉಳೀತು? ಪವಾಡ ಅಲ್ಲ ರೀ, ವಿದ್ಯೆ. ಬುರ್ರಕಥೆ ಒಬ್ಬರ ಕೆಲಸ ಅಲ್ಲ, ಸಾಮಾನ್ಯವಾಗಿ ಮೂವರು ಬೇಕು. ಮುಖ್ಯ ಕಥೆಗಾರ್ತಿಯ ಕೈಯಲ್ಲಿ ತಂಬೂರಿ. ಅದರ ಬುರುಡೆಗೇ ತೆಲುಗಲ್ಲಿ ಬುರ್ರ ಅನ್ನೋದು. ಬೆರಳಿಗೆ ಲೋಹದ ಉಂಗುರ, ಅದರಿಂದ ತಾಳ. ಅಕ್ಕಪಕ್ಕ ಇಬ್ಬರು ಡಿಮ್ಮಿ ಬಾರಿಸ್ತಾ ಸಾಲಿನ ಕೊನೆ ಹಿಡಿದು ತಿರುಗಿ ಹಾಡ್ತಾರೆ. ಅವರು ಹಾಡೋ ಆ ಗಳಿಗೆಯಲ್ಲಿ ಮುಖ್ಯ ಕಥೆಗಾರ್ತಿಗೆ ಮುಂದಿನ ಸಾಲು ಕಟ್ಟಿಕೊಳ್ಳೋಕೆ ಸಮಯ ಸಿಗ್ತದೆ. ನಡುವೆ ಮಾತು, ನಗೆ, ಕೇಳಿಸಿಕೊಂಡೋರು "ಹ್ಞೂಂ" ಅನ್ನೋದು. ಊರು ತೆಲುಗಿನದಾದ್ರೆ ತೆಲುಗು, ಕನ್ನಡದ್ದಾದ್ರೆ ಕನ್ನಡ. ಕಾಳು ಕೊಟ್ಟ ಮನೆಯವರ ಹೆಸರೂ ಹಾಡಿನೊಳಗೆ ಬರ್ತದೆ. ಅಂದ್ರೆ ಬಾಯಿಪಾಠ ಒಪ್ಪಿಸೋದಲ್ಲ, ಪ್ರತಿ ರಾತ್ರಿ ಹೊಸದಾಗಿ ಕಟ್ಟೋದು. ಹಂಗಾದಮೇಲೆ ಕರ್ತೃ ಇಲ್ಲ ಅಂತ ಹೆಂಗೆ ಹೇಳ್ತೀರಿ? ಇಂಥ ಹಾಡಿಗೆ ಒಬ್ಬ ಕರ್ತೃ ಅಲ್ಲ, ತಲೆಮಾರಿಗೊಬ್ಬ ಕರ್ತೃ. ಅಪ್ಪನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ. ಒಬ್ಬೊಬ್ಬರಿಗೂ ಹೆಸರಿತ್ತು.

ತೆಲುಗಿನಿಂದ ಬಂತಾ ಅನ್ನೋ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ನಮ್ಮ ಸಂತೆ, ನಮ್ಮ ನೆಂಟಸ್ತನ, ನಮ್ಮ ಬೈಗುಳ ಎಲ್ಲಾ ಎರಡೂ ಭಾಷೆಯಲ್ಲಿ. ಗಡಿ ಎಳೆದದ್ದು ಆಫೀಸಿನೋರು. ಹಾಡೋ ಮಂದಿ ಗಡಿ ಹುಟ್ಟೋಕೆ ಮುಂಚೆಯೇ ಆ ದಾರಿಯಲ್ಲಿ ನಡೀತಿದ್ರು. ಹೋರಾಟಗಾರರಿಗೆ ಇನ್ನೊಂದು ನೆನಪು ಮಾಡ್ತೀನಿ. 1940ರ ದಶಕದಲ್ಲಿ ಆಂಧ್ರದ ಪ್ರಜಾನಾಟ್ಯ ಮಂಡಲಿಯವರು, ಶೇಖ್ ನಾಜರ್ ಥರದವರು, ಜನರನ್ನ ಎಬ್ಬಿಸೋಕೆ ಆರಿಸಿಕೊಂಡದ್ದು ಇದೇ ಬುರ್ರಕಥೆಯನ್ನ. ಮದ್ರಾಸಿನ ಬ್ರಿಟಿಷ್ ಸರ್ಕಾರಕ್ಕೂ ಹೈದರಾಬಾದಿನ ನಿಜಾಮನಿಗೂ ಭಯ ಹುಟ್ಟಿ ನಿಷೇಧ ಹಾಕಿದ್ರು. ಭಿಕ್ಷೆ ಬೇಡೋರ ಹಾಡು ಅಂತ ನಾವು ಅಂದುಕೊಂಡದ್ದು ಸರ್ಕಾರಗಳನ್ನ ಅಲುಗಾಡಿಸಿತ್ತು.

ಇಲ್ಲಿಗೆ ನಿಲ್ಲಿಸಿದ್ರೆ ಈ ಪೋಸ್ಟ್ ಒಂದು ಹೊಗಳಿಕೆ ಆಗ್ತದೆ. ಎರಡು ಕಹಿ ಮಾತು ಹೇಳಲೇಬೇಕು.

ಒಂದು, ಹಾಡಿನ ಒಳಗಿಂದು. ಕುಮಾರರಾಮನ ಕಥೆಯಲ್ಲಿ ಕೊನೇ ಸಲ ದಿಲ್ಲಿ ದಂಡಿನ ಮುಂದೆ ಬರೋದು ಒಬ್ಬ ಹೆಣ್ಣು. ಅವಳ ಹೆಸರು ಮಾತಂಗಿ. ವೀರನ ಸಾವು ಬರೋದು ಅವಳ ಕಡೆಯಿಂದ. ಮಾತಂಗಿ! ನಾನು ಮಾದಿಗ, ಮಾತಂಗ ಅಂತ ನಮ್ಮನ್ನ ನಾವು ಹೆಮ್ಮೆಯಿಂದ ಕರ್ಕೊಳ್ತೀವಿ, ಮಾತಂಗಿ ನಮ್ಮ ತಾಯಿ. ಆ ಹೆಸರನ್ನ ವೀರನ ತಲೆ ತೆಗೆಯೋಳಿಗೆ ಯಾಕಿಟ್ಟರು? ಮಾಡಬಾರದ್ದನ್ನ ಆಸೆಪಟ್ಟವಳು ರತ್ನಾಜಿ, ಕೊಲ್ಲಿಸಿದವಳು ಮಾತಂಗಿ. ಊರು ಹಾಳಾಗಿದ್ದಕ್ಕೆ ಒಬ್ಬ ಹೆಂಗಸು, ಒಬ್ಬ ಹೊಲಗೇರಿಯ ಹೆಸರಿನವಳು ಕಾರಣ! ಮಗನ ತಲೆ ತರಿಸಿದ ರಾಯ ಮಾತ್ರ ಕೊನೆಗೆ ಪಶ್ಚಾತ್ತಾಪ ಪಟ್ಟ ದೊಡ್ಡ ಮನುಷ್ಯ. ನಮ್ಮವರ ಬಾಯಲ್ಲಿ ಉಳಿದ ಹಾಡು ಅಂದಮಾತ್ರಕ್ಕೆ ಅದರಲ್ಲಿ ಬಂದದ್ದೆಲ್ಲಾ ನಮ್ಮ ಮಾತೇ ಆಗಬೇಕಿಲ್ಲ. ಕಾಳು ಕೊಡೋ ಗೌಡರ ಅಂಗಳದಲ್ಲಿ ನಿಂತು ಹಾಡೋರು ಗೌಡರ ಕಿವಿಗೆ ಹಿತವಾಗಿಯೂ ಹಾಡಬೇಕಾಗ್ತದೆ. ಮಾತಂಗಿಯ ಕಡೆಯಿಂದ ಈ ಕಥೆ ಹೇಳೋ ಕೆಲಸ ಇನ್ನೂ ಬಾಕಿ ಇದೆ. ನಮ್ಮ ಹುಡುಗಿಯರು ಯಾರಾದ್ರೂ ಬರೀರಿ.

ಎರಡನೇದು ನಮ್ಮದು. ನಮ್ಮ ಕೇರಿಯದು.

ನಾನು ಚಿಕ್ಕವನಿದ್ದಾಗ, ಎಂಬತ್ತರ ದಶಕ, ಜೋಳದ ಸುಗ್ಗಿ ಆದಮೇಲೆ ನಮ್ಮ ಕುರುಗೋಡಿಗೆ ಬುರ್ರಕಥೆಯವರು ಬರ್ತಿದ್ರು. ಕತ್ತೆ ಮೇಲೆ ಸಾಮಾನು, ಕಂಕುಳಲ್ಲಿ ಕೂಸು. ಊರ ಹೊರಗೆ ಬಯಲಲ್ಲಿ ಗುಡಾರ. ದೊಡ್ಡ ಬಸವೇಶ್ವರನ ಗುಡಿ ಕಡೆ ಅವರಿಗೂ ಜಾಗ ಇರಲಿಲ್ಲ, ನಮಗೂ ಇರಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ, ಸಾಕಷ್ಟು ಭಾಷಣದಲ್ಲಿ ಹೇಳಿದ್ದೀನಿ. ಆದ್ರೆ ಭಾಷಣದಲ್ಲಿ ಹೇಳದೇ ಬಿಟ್ಟದ್ದು ಒಂದಿದೆ. ಅವರು ನಮ್ಮ ಕೇರಿಗೂ ಬರ್ತಿದ್ರು. ನಮ್ಮ ಅವ್ವ ಸೇರು ಜೋಳ ಹಾಕೋಳು, ಮನಸ್ಸಿಟ್ಟು ಕೇಳೋಳು, ರತ್ನಾಜಿ ಮಾತು ಬಂದಾಗ ಬಯ್ಯೋಳು, ಕುಮಾರರಾಮ ಸತ್ತಾಗ ಸೆರಗಲ್ಲಿ ಕಣ್ಣೊರೆಸೋಳು. ಆದ್ರೆ ಅವರನ್ನ ಕೂರಿಸಿದ್ದು ಜಗಲಿ ಕೆಳಗೆ. ನೀರು ಕೊಟ್ಟದ್ದು ಮೇಲಿಂದ. ಊರು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದ್ವಿ. ಒಂದು ಸಲ ನಾನು ಅವರ ಹುಡುಗನ ಜೊತೆ ಗೋಲಿ ಆಡಿದ್ದಕ್ಕೆ ನಮ್ಮಪ್ಪ ಕಿವಿ ಹಿಂಡಿದ್ದ. ಆ ಹುಡುಗನ ಹೆಸರು ನನಗೆ ನೆನಪಿಲ್ಲ. ಕೇಳಿದ್ನೋ ಇಲ್ಲವೋ ಅದೂ ನೆನಪಿಲ್ಲ.

ಈಗ ನಲವತ್ತು ದಾಟಿದೆ. ಟೇಬಲ್ಲಿನ ಈ ಕಡೆ ಕೂತಿದ್ದೀನಿ. ಕೆಲವು ವರ್ಷದ ಹಿಂದೆ ಒಬ್ಬ ಮನುಷ್ಯ ಮಗಳನ್ನ ಕರ್ಕೊಂಡು ಬಂದ. ಯಾವ ಕಚೇರಿ ಅಂತ ಕೇಳಬ್ಯಾಡ್ರಿ. ಹುಡುಗಿ ಹತ್ತನೇ ಕ್ಲಾಸ್ ಪಾಸು, ಹಾಸ್ಟೆಲಿಗೆ ಜಾತಿ ಪ್ರಮಾಣಪತ್ರ ಬೇಕು.

"ಯಾವೂರಪ್ಪಾ ನಿಂದು?"

"ಈಗ ಇಲ್ಲೇ ಅದೀವ್ರಿ ಸಾರ್, ಗುಡಾರದಾಗ."

"ಅದಲ್ಲ, ಮೂಲ ಊರು?"

"ನಮ್ಮಪ್ಪ ದರೋಜಿ ಕಡೆ ಸತ್ತ್ರಿ. ನಮ್ಮ ತಾತ ಆಲೂರು ಕಡೆ ಹುಟ್ಟಿದ್ನಂತ್ರಿ."

"ಆಲೂರಂದ್ರೆ ಆಂಧ್ರ ಆಯ್ತಲ್ಲ."

"ಅವಾಗ ಎಲ್ಲಾ ಒಂದೇ ಇತ್ತಂತ್ರಿ ಸಾರ್."

ಅವನು ಹೇಳಿದ್ದು ಸರಿ. 1953ರ ಮುಂಚೆ ಆಲೂರು ನಮ್ಮದೇ ಬಳ್ಳಾರಿ ಜಿಲ್ಲೆಯದು. ಆದ್ರೆ ಫೈಲಿಗೆ ಅದು ಬೇಕಿಲ್ಲ. 1950ರ ಆದೇಶದ ಹೊತ್ತಿಗೆ ಕುಟುಂಬ ಎಲ್ಲಿತ್ತು? ದಾಖಲೆ? ತಾತನ ಶಾಲಾ ದಾಖಲೆ? ಜಮೀನಿನ ಪಹಣಿ? ಅಲೆಮಾರಿಗೆ ಪಹಣಿ ಎಲ್ಲಿಂದ ಬರಬೇಕು? ಹುಡುಗಿಯ ಟಿಸಿಯಲ್ಲಿ ಯಾರೋ ಮೇಷ್ಟ್ರು ಬರೀ "ಜಂಗಮ" ಅಂತ ಬರೆದಿದ್ರು. ಅಲ್ಲಿಗೆ ಮುಗೀತು. ಬುಡಗ ಅನ್ನೋ ಮೂರು ಅಕ್ಷರ ಇಲ್ಲದೆ ಅವಳು ಎಸ್‌ಸಿ ಪಟ್ಟಿಯಿಂದ ಹೊರಗೆ ಬಿದ್ದಳು. "ಮೂಲ ದಾಖಲೆ ತಗೊಂಡು ಬಾ" ಅಂದು ಕಳಿಸಿದ್ರು. ಕಳಿಸಿದ್ರು ಅಂತ ಯಾಕೆ ಬರೀತೀನಿ? ಆ ಅರ್ಜಿ ವಾಪಸ್ ಕೊಟ್ಟ ಕೈ ನನ್ನದು. ಮೇಲಿನೋರು ಹೇಳಿದ್ರು, ನಾನು ಕೊಟ್ಟೆ. ಬಾಗಿಲ ಹತ್ತಿರ ಹೋದವನು ತಿರುಗಿ, "ಬೇಕಾದ್ರೆ ಒಂದು ಕಥೆ ಹಾಡಿ ತೋರಿಸ್ತೀನ್ರಿ ಸಾರ್, ನಾವ್ ಯಾರಂತ ಗೊತ್ತಾಗ್ತೈತಿ" ಅಂದ. ಆಫೀಸಲ್ಲಿ ಎಲ್ಲರೂ ನಕ್ಕರು. ಅವನು ನಗಿಸೋಕೆ ಹೇಳಿದ್ದಲ್ಲ. ಅವನ ಹತ್ತಿರ ಇದ್ದ ದಾಖಲೆ ಅದೊಂದೇ.

ಅವನು ಮತ್ತೆ ಬರಲಿಲ್ಲ. ಹುಡುಗಿ ಓದಿದಳೋ ಇಲ್ಲವೋ ಗೊತ್ತಿಲ್ಲ.

ಇನ್ನೊಂದು ಕಡೆ ನೋಡ್ರಿ. ಪರಿಶಿಷ್ಟ ಜಾತಿ ಪಟ್ಟಿಯಲ್ಲಿ "ಬೇಡ ಜಂಗಮ, ಬುಡಗ ಜಂಗಮ" ಅಂತ ಇದೆ. ಆ ಒಂದು ಸಾಲು ಹಿಡಿದು ವೀರಶೈವ ಜಂಗಮರಲ್ಲಿ ಕೆಲವರು ನಾವೇ ಬೇಡ ಜಂಗಮರು, ನಮಗೂ ಎಸ್‌ಸಿ ಸರ್ಟಿಫಿಕೇಟ್ ಕೊಡಿ ಅಂತ ದಶಕಗಳಿಂದ ಹೋರಾಟ, ಮೆರವಣಿಗೆ, ಕೋರ್ಟು ಮಾಡ್ತಾ ಇದ್ದಾರೆ. ಪಾದಪೂಜೆ ಮಾಡಿಸಿಕೊಳ್ಳೋರು ಅಸ್ಪೃಶ್ಯರ ಪಟ್ಟಿಯಲ್ಲಿ ಜಾಗ ಕೇಳ್ತಾರೆ. ಅವರಿಗೆ ವಕೀಲರಿದ್ದಾರೆ, ಮಠ ಇದೆ, ಹಳೇ ಕಾಗದ ಇವೆ. ತಂಬೂರಿ ಹಿಡಿದು ಗುಡಾರದಲ್ಲಿ ಇರೋನಿಗೆ ಕಾಗದ ಇಲ್ಲ. ಕಾಗದ ಇರೋನು ಗೆಲ್ತಾನೋ ಇಲ್ಲವೋ, ಆದ್ರೆ ಆ ಗದ್ದಲದಿಂದ ನಿಜವಾದ ಬುಡಗ ಜಂಗಮನ ಮೇಲೆ ಸಂಶಯ ಬಿತ್ತು. ಜಂಗಮ ಅಂತ ಬರೆದ ಅರ್ಜಿ ಕಂಡ್ರೆ ಸಾಕು, ಅಧಿಕಾರಿ ಪೆನ್ನು ಕೆಳಗಿಡ್ತಾನೆ.

ಈಗ ನಮ್ಮ ಒಳಮೀಸಲಾತಿ. ಮೂರು ದಶಕ ಬೀದಿಯಲ್ಲಿ ಇದ್ವಿ. ಸದಾಶಿವ ಆಯೋಗ 2005ರಲ್ಲಿ ಆಯ್ತು, 2012ರಲ್ಲಿ ವರದಿ ಕೊಟ್ಟಿತು, ವರದಿ ಧೂಳು ತಿಂತು. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟು ಒಳವರ್ಗೀಕರಣ ಮಾಡಬಹುದು ಅಂದಾಗ ನಾವು ಕೇರಿಯಲ್ಲಿ ಹಲಗೆ ಬಾರಿಸಿದ್ವಿ. ನಾಗಮೋಹನದಾಸ್ ಆಯೋಗ 2025ರ ಆಗಸ್ಟಲ್ಲಿ ವರದಿ ಕೊಟ್ಟಿತು. ಅದರಲ್ಲಿ ಅಲೆಮಾರಿಗಳೂ ಸೇರಿ ಅತಿ ಹಿಂದುಳಿದ 59 ಜಾತಿಗಳಿಗೆ ಅಂತಲೇ ಪ್ರತ್ಯೇಕ ಶೇ 1 ಇಡಿ ಅಂತ ಶಿಫಾರಸು ಇತ್ತು. ಆಗಸ್ಟ್ 19ರ ಸಚಿವ ಸಂಪುಟದಲ್ಲಿ ಏನಾಯ್ತು? ಶೇ 17ರಲ್ಲಿ ಎಡಗೈಗೆ 6, ಬಲಗೈಗೆ 6, ಉಳಿದದ್ದು 5. ಆ 59 ಜಾತಿಗಳನ್ನ ಲಂಬಾಣಿ, ಭೋವಿ, ಕೊರಚ, ಕೊರಮರ ಜೊತೆ ಸೇರಿಸಿ ಒಟ್ಟು 63 ಜಾತಿಗೆ ಅದೇ ಶೇ 5. ಆ ಒಂದು ಪರ್ಸೆಂಟು ಗುಂಪಿನೊಳಗೆ ಕರಗಿಹೋಯ್ತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಕೂತರು. ತಮ್ಮ ವೇಷ, ತಮ್ಮ ವಾದ್ಯ ತಗೊಂಡೇ ಬಂದು ಕೂತರು.

ನಾವು ಎಲ್ಲಿದ್ವಿ? ನಿಜ ಹೇಳ್ರಿ. ನಮ್ಮ 6 ಬಂತು, ಪಟಾಕಿ ಹೊಡೆದ್ವಿ, ಸನ್ಮಾನ ಮಾಡಿಸಿಕೊಂಡ್ವಿ. ಕೆಲವು ಗೆಳೆಯರು ಫ್ರೀಡಂ ಪಾರ್ಕಿಗೆ ಹೋದ್ರು, ಅವರಿಗೆ ನನ್ನ ಶರಣು. ಆದ್ರೆ ಬಹಳಷ್ಟು ಮಂದಿ, ನಾನೂ ಸೇರಿ, "ಅವರದ್ದು ಅವರು ನೋಡ್ಕೊಳ್ತಾರೆ" ಅಂದ್ವಿ. ಹಿಂದೆ ನಮಗೆ ಇದೇ ಮಾತು ಹೇಳ್ತಿದ್ರಲ್ಲ, ಎಲ್ಲರೂ ಎಸ್‌ಸಿ ತಾನೇ, ಒಳಗೆ ಏನು ಹಂಚೋದು ಅಂತ? ಆವಾಗ ನಾವು ಏನಂದ್ವಿ? ಒಂದೇ ತಟ್ಟೆಗೆ ಕೈ ಹಾಕಿದ್ರೆ ಉದ್ದ ಕೈಯೋನಿಗೆ ಸಿಗ್ತದೆ, ಗಿಡ್ಡ ಕೈಯೋನಿಗೆ ಸಿಗಲ್ಲ ಅಂದ್ವಿ. ಆ ವಾದ ನಮಗೆ ಮಾತ್ರ ಸತ್ಯ, ಬುಡಗ ಜಂಗಮನಿಗೆ, ಸುಡುಗಾಡುಸಿದ್ಧನಿಗೆ, ಸಿಳ್ಳೇಕ್ಯಾತನಿಗೆ ಸುಳ್ಳಾ?

ಈಗ ವಾಪಸ್ ಹಾಡಿಗೆ ಬರ್ತೀನಿ.

ಹಾಡಿನ ಮೂಲ ಹುಡುಕೋಕೆ ಈ ನಾಡಿನಲ್ಲಿ ಎಷ್ಟು ಪ್ರೀತಿ! ಟೇಪ್ ರೆಕಾರ್ಡರ್, ಸೆಮಿನಾರ್, ಪಿಎಚ್‌ಡಿ, ಮುನ್ನುಡಿ, ಈಗ ಡ್ರೋನ್. ಪಾಠಾಂತರ ಯಾವುದು, ಹಳೇದು ಯಾವುದು, ಅಂತ ಹಗಲು ರಾತ್ರಿ ಚರ್ಚೆ. ಹಾಡಿದವರ ಮೂಲ ಕೇಳೋವಾಗ ಮಾತ್ರ ಆ ಪ್ರೀತಿ ಎಲ್ಲಿ ಹೋಗ್ತದೆ? ಅಲ್ಲಿ ಬರೀ ಸಂಶಯ. ಹಾಡಿನ ಮೂಲ ಗೊತ್ತಿಲ್ಲ ಅಂದ್ರೆ "ಆಹಾ, ಎಷ್ಟು ಪ್ರಾಚೀನ" ಅಂತೀರಿ. ಹಾಡಿದವನ ಮೂಲ ಗೊತ್ತಿಲ್ಲ ಅಂದ್ರೆ "ದಾಖಲೆ ಇಲ್ಲ, ಅರ್ಜಿ ತಿರಸ್ಕರಿಸಲಾಗಿದೆ" ಅಂತೀರಿ. ಏಳು ನೂರು ವರ್ಷದ ಊರಿನ ಕಥೆಗೆ ಇವರ ನಾಲಿಗೆ ಸಾಕ್ಷಿ ಆಗ್ತದೆ. ಇವರ ತಾತ ಎಲ್ಲಿದ್ದ ಅನ್ನೋದಕ್ಕೆ ಅದೇ ನಾಲಿಗೆ ಸಾಕ್ಷಿ ಆಗಲ್ಲ.

ನಮ್ಮ ಕುರುಗೋಡಿಗೂ ಹಳೇ ಚರಿತ್ರೆ ಇದೆ. ಸಿಂದರು ಆಳಿದ ಊರು, ಗುಡ್ಡದ ಮೇಲೆ ಕೋಟೆ, ಊರಲ್ಲಿ ಶಾಸನ. ಆದ್ರೆ ಸಿಂದರ ಬಗ್ಗೆ ಅಳುತ್ತಾ ಹಾಡೋರನ್ನ ನಾನು ಕಂಡಿಲ್ಲ. ಕುಮ್ಮಟಕ್ಕೆ ಇವತ್ತಿಗೂ ಅಳೋರಿದ್ದಾರೆ. ಕಾರಣ ಇಷ್ಟೇ, ಕಲ್ಲಿನ ಮೇಲೆ ಇದ್ದದ್ದನ್ನ ಓದೋಕೆ ಪಂಡಿತ ಬೇಕು, ಬಾಯಲ್ಲಿ ಇದ್ದದ್ದಕ್ಕೆ ನಮ್ಮ ಅವ್ವ ಸಾಕಿತ್ತು. ಆ ಬಾಯಿ ಈಗ ಮುಚ್ಚಿಕೊಳ್ತಾ ಇದೆ. ಹುಡುಗರು ತಂಬೂರಿ ಬಿಟ್ಟು ಪ್ಲಾಸ್ಟಿಕ್ ಕೊಡ, ಸೂಜಿ ಪಿನ್ನು ಮಾರ್ತಾರೆ, ಕೂಲಿಗೆ ಹೋಗ್ತಾರೆ. ಹೋಗಲಿ ಅಂತೀನಿ ನಾನು. ಸಂಸ್ಕೃತಿ ಉಳಿಸೋಕೆ ಅವರು ಗುಡಾರದಲ್ಲೇ ಇರಬೇಕು ಅನ್ನೋದು ಕ್ರೌರ್ಯ. ಆ ಹುಡುಗಿ ಓದಲಿ, ನೌಕರಿ ಸೇರಲಿ, ಬೇಕಾದ್ರೆ ತನ್ನ ಅಜ್ಜಿಯ ಕಾವ್ಯದ ಮೇಲೆ ತಾನೇ ಪಿಎಚ್‌ಡಿ ಮಾಡಲಿ.

ಕೊನೆಗೆ ಕೆಲಸದ ಮಾತು.

ಒಂದು. ರೀಲ್ಸ್ ಮಾಡೋ ತಮ್ಮಂದಿರೇ, ಜಾನಪದ ಅಂತ ಬರೆಯೋದು ನಿಲ್ಲಿಸ್ರಿ. ಹಾಡಿದವರ ಹೆಸರು, ಊರು, ಸಮುದಾಯ ಬರೀರಿ. ದುಡ್ಡು ಬಂದ್ರೆ ಪಾಲು ಕೊಡ್ರಿ.

ಎರಡು. ವಿಶ್ವವಿದ್ಯಾಲಯ, ಅಕಾಡೆಮಿಗಳಲ್ಲಿ ಇರೋ ಧ್ವನಿಮುದ್ರಣಗಳು ಬೀರುವಿನಲ್ಲಿ ಇರೋದು ಬೇಡ. ಎಲ್ಲರಿಗೂ ಕೇಳೋಕೆ ಸಿಗಬೇಕು. ಪುಸ್ತಕ ಮಾರಿದ ಹಣದಲ್ಲಿ ಹಾಡಿದವರ ಮನೆಗೆ ಎಷ್ಟು ಹೋಯ್ತು ಅಂತ ನಾವು ಕೇಳಬೇಕು.

ಮೂರು. ಅಲೆಮಾರಿಗಳ ಜಾತಿ ಪ್ರಮಾಣಪತ್ರಕ್ಕೆ ಪಹಣಿ, ಟಿಸಿ ಅಂತ ಕೂರೋದು ಬೇಡ. ಗುಡಾರಕ್ಕೆ ಹೋಗಿ ಸ್ಥಳ ವಿಚಾರಣೆ ಮಾಡಲಿ. ಕುಲಕಸುಬು, ಭಾಷೆ, ನೆಂಟರು, ಹಿರಿಯರ ಹೇಳಿಕೆ, ಇವೂ ಸಾಕ್ಷಿಯೇ.

ನಾಲ್ಕು. ಆ ಶೇ 1. ಇದನ್ನ ಕೇಳಬೇಕಾದವರು ಅಲೆಮಾರಿಗಳಲ್ಲ, ನಾವು. 6 ತಗೊಂಡ ನಾವು ಕೇಳಿದ್ರೆ ಸರ್ಕಾರಕ್ಕೆ ನೆಪ ಉಳಿಯಲ್ಲ.

ಬರೋ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕುರುಗೋಡು ಬಸ್‌ಸ್ಟ್ಯಾಂಡ್ ಹತ್ತಿರ ಸೇರ್ತೀವಿ. ಅಲ್ಲಿಂದ ಗುಡಾರಗಳ ಕಡೆ ಹೋಗಿ, ಯಾರ ಹತ್ತಿರ ಯಾವ ಕಾಗದ ಇದೆ, ಯಾವುದು ಇಲ್ಲ, ಮಕ್ಕಳು ಎಷ್ಟನೇ ಕ್ಲಾಸು ಅಂತ ಪಟ್ಟಿ ಮಾಡೋದು. ಅರ್ಜಿ ಫಾರಂ ನಾನು ತರ್ತೀನಿ, ತುಂಬೋಕೆ ಕೈ ಬೇಕು. ಬೈಕ್ ಇರೋರು ಬರ್ರಿ, ಪೆನ್ನು ತರ್ರಿ. ಹೋದ ಕೂಡಲೇ ಹಾಡು ಹೇಳ್ರಿ ಅಂತ ಕೇಳಬ್ಯಾಡ್ರಿ. ಮೊದಲು ಹೆಸರು ಕೇಳ್ರಿ.

ನಾನು ಮೂವತ್ತೈದು ವರ್ಷದ ಹಿಂದೆ ಕೇಳಬೇಕಿತ್ತು.

ಜೈಭೀಮ್.